ಬಾ ವಾಯಾ ವೈಫೈ ಆರಿಸಿದ್ದು

ಕಸಾಮಾ ಪೇಟೆಯಲ್ಲಿ ಯೋತಾಮ್ ಸಿಕಾಜ್ವೆ ಅವರ ಮನೆ ಎಲ್ಲಿ ಎಂದು ಕೇಳಿದರೆ ಯಾರಾದರೂ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾರೆ. ಬಾ ವಾಯಾ ಮನೆ ಎಲ್ಲಿ ಎಂದರೆ ಕೋಳಿ ಅಟ್ಟುತ್ತಿರುವ ಮಗುವೂ ಕೈಚಾಚಿ ತೋರಿಸುತ್ತದೆ. ವಾಯಾ ಎಂದರೆ ತಂತಿ. ಹಿರಿಯರ ಹೆಸರಿಗೆ ‘ಬಾ’ ಸೇರಿಸದೆ ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಅಡ್ಡಹೆಸರಿಗೂ ಮರ್ಯಾದೆ ಬಂದು ಅವರು ತಂತಿಯಯ್ಯನವರಾದರು.

ಇಪ್ಪತ್ತೆಂಟು ವರ್ಷ ಅವರು ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದರು. ಕಸಾಮಾದಿಂದ ಉತ್ತರಕ್ಕೆ ಎಂಬಾಲಾ ಊರಿನವರೆಗೆ ನೂರರವತ್ತು ಕಿಲೋಮೀಟರ್ ಉದ್ದಕ್ಕೂ ಕಬ್ಬಿಣದ ಕಂಬಗಳು, ಅವುಗಳ ಮೇಲೆ ಎರಡು ತಾಮ್ರದ ತಂತಿ. ಮಧ್ಯದ ಸೆಂಗಾ ಹಿಲ್‌ವರೆಗಿನ ಅರ್ಧ ಯೋತಾಮ್‌ರ ಪಾಲು. ಲೈನ್ ಸತ್ತರೆ ಸೈಕಲ್ ಹತ್ತಿ ಹೊರಡುವುದು, ಕಂಬದಿಂದ ಕಂಬಕ್ಕೆ ಕತ್ತೆತ್ತಿ ನೋಡುತ್ತ ಸಾಗುವುದು. ಗಾಳಿಗೆ ಕೊಂಬೆ ಬಿದ್ದಿರುತ್ತಿತ್ತು. ಇಲ್ಲವೇ ಯಾರೋ ಬಳೆ ಮಾಡಿಸಿಕೊಳ್ಳಲು ಒಂದು ಮಾರು ತಾಮ್ರ ಕತ್ತರಿಸಿರುತ್ತಿದ್ದರು. ರಿಪೇರಿ ಮುಗಿಸಿ, ಹೆಗಲಿಗೆ ನೇತುಹಾಕಿಕೊಂಡಿದ್ದ ಪೆಟ್ಟಿಗೆ ಫೋನನ್ನು ತಂತಿಗೆ ಸಿಕ್ಕಿಸಿ, ಕಂಬದ ತುದಿಯಲ್ಲಿ ಬೆಲ್ಟಿಗೆ ಒರಗಿ ನಿಂತು ಹಿಡಿಕೆ ತಿರುಗಿಸುತ್ತಿದ್ದರು. ಆ ಕಡೆಯಿಂದ ಒಂದು ಹೆಣ್ಣುದನಿ ಬರುತ್ತಿತ್ತು.

ಎಂಬಾಲಾ ಎಕ್ಸ್‌ಚೇಂಜಿನ ಆಪರೇಟರ್ ಸ್ಕೊಲಾಸ್ಟಿಕಾ ನಮ್‌ಫುಕ್ವೆಯ ದನಿ ಅದು. ಹತ್ತೊಂಬತ್ತು ವರ್ಷ ಅವರಿಬ್ಬರೂ ಹೀಗೆ ಮಾತಾಡಿದರು. ಮಾತು ಎಂದರೆ ಎಷ್ಟು? “ಕೇಳಿಸ್ತಿದೆಯಾ?” “ಕೇಳಿಸ್ತಿದೆ. ಸ್ವಲ್ಪ ಕರಕರ ಅಂತಿದೆ.” “ಈಗ?” “ಈಗ ಸರಿಯಾಯ್ತು. ಅಲ್ಲಿ ಮಳೆ ಬಂತಾ?” “ಇಲ್ಲ. ನಿಮ್ಮಲ್ಲಿ?” ಅಷ್ಟೇ. ಒಮ್ಮೆ ಕ್ರಿಸ್‌ಮಸ್ ಹೊತ್ತಿಗೆ ಬಸ್ ಡ್ರೈವರನ ಕೈಯಲ್ಲಿ ಅವಳು ಒಂದು ಪೊಟ್ಟಣ ಒಣ ಕಪೆಂಟಾ ಮೀನು ಕಳಿಸಿದ್ದಳು. ಯೋತಾಮ್ ಮುಂದಿನ ಮಳೆಗಾಲದಲ್ಲಿ ಒಣಗಿಸಿದ ಅಣಬೆ ಕಳಿಸಿದ್ದರು. ಮುಖಾಮುಖಿ ಭೇಟಿ ಒಮ್ಮೆಯೂ ಆಗಲಿಲ್ಲ. ಅವರ ಪಾಲಿನ ಲೈನು ಸೆಂಗಾ ಹಿಲ್‌ಗೆ ಮುಗಿದುಹೋಗುತ್ತಿತ್ತಲ್ಲ, ಅಲ್ಲಿಂದಾಚೆ ಹೋಗುವ ಕೆಲಸವೇ ಬೀಳಲಿಲ್ಲ.

ಆಮೇಲೆ ಮೊಬೈಲ್ ಬಂತು. ತಂತಿ ಕಳುವಾದರೆ ಮತ್ತೆ ಎಳೆಯುವವರು ಯಾರೂ ಇಲ್ಲವಾದರು. ಯೋತಾಮ್ ನಿವೃತ್ತಿಯಾದ ವರ್ಷವೇ ಎಂಬಾಲಾ ಲೈನ್ ಕೊನೆಯ ಸಲ ಸತ್ತಿತು. ಅದನ್ನು ಬದುಕಿಸಲು ಯಾರನ್ನೂ ಕಳಿಸಲಿಲ್ಲ. ಹದಿನೈದು ದಿನ ಅವರು ದಿನಾ ಬೆಳಿಗ್ಗೆ ಸೈಕಲ್ ಒರೆಸಿ ಅಂಗಳದಲ್ಲಿ ನಿಲ್ಲಿಸುತ್ತಿದ್ದರಂತೆ. ಹದಿನಾರನೆಯ ದಿನ ಹೆಂಡತಿ ಎನೆಲೆಸ್ ಆ ಸೈಕಲ್ಲಿಗೆ ಜೋಳದ ಮೂಟೆ ಹೇರಿ, “ಬಾಶಿ ಕಪಂಬ್ವೆ, ಗಿರಣಿಗೆ ಹೋಗಿ ಬನ್ನಿ” ಎಂದಳು. ನಮ್ಮಲ್ಲಿ ಹೆಂಡತಿ ಗಂಡನನ್ನು ಚೊಚ್ಚಲ ಮಗುವಿನ ಹೆಸರು ಹಿಡಿದು, ಇಂಥವಳ ಅಪ್ಪ ಎಂದೇ ಕರೆಯುವುದು. ಬಾಶಿ ಕಪಂಬ್ವೆ ಎದ್ದು ಗಿರಣಿಗೆ ಹೋದರು.

ಆ ಚೊಚ್ಚಲ ಮಗಳು ಕಪಂಬ್ವೆ ಈಗ ಲುವಿಂಗು ಆಸ್ಪತ್ರೆಯಲ್ಲಿ ನರ್ಸ್. ವಯಸ್ಸು ಮೂವತ್ತೊಂಬತ್ತು. ಹೋದ ವರ್ಷ ಅವಳು ತವರಿಗೆ ಒಂದು ರೌಟರ್ ಹಾಕಿಸಿಕೊಟ್ಟಿದ್ದಳು. ಅಪ್ಪ ಅಮ್ಮ ಮೊಮ್ಮಕ್ಕಳ ಮುಖ ನೋಡಲಿ ಎಂದು. ಎರಡು ಕೋಡಿನ ಬಿಳಿ ಪೆಟ್ಟಿಗೆ ಪಡಸಾಲೆಯ ಕಪಾಟಿನ ಮೇಲೆ, ಏಸುವಿನ ಪಟದ ಪಕ್ಕ ಕೂತು ಮಿಣಮಿಣ ಎನ್ನುತ್ತಿತ್ತು. ಯೋತಾಮ್ ಅದನ್ನು ಮುಟ್ಟುತ್ತಿರಲಿಲ್ಲ. ತಂತಿಯಿಲ್ಲದೆ ಮಾತು ಹೋಗುವುದು ಅವರಿಗೆ ಅರ್ಥವಾಗದ್ದೇನಲ್ಲ. ಆದರೆ ಎಲ್ಲಿ ಕೆಟ್ಟಿದೆ ಎಂದು ಹುಡುಕಿಕೊಂಡು ಹೋಗಲು ದಾರಿಯೇ ಇಲ್ಲದ ಲೈನು ಎಂಥ ಲೈನು ಎಂಬುದು ಅವರ ತಕರಾರು.

ಈ ವರ್ಷ ಬೇಸಿಗೆಯಲ್ಲಿ ಕಪಂಬ್ವೆ ಮೂರು ವಾರ ರಜೆ ಹಾಕಿ ಬಂದಳು. ಸೂಲಗಿತ್ತಿ ನರ್ಸ್ ಆಗುವ ಓದಿನ ಕೊನೆಯ ಮೌಖಿಕ ಪರೀಕ್ಷೆ ರಾಜಧಾನಿ ಲುಸಾಕಾದಿಂದ ಪರದೆಯ ಮೇಲೆ ನಡೆಯುವುದಿತ್ತು. ಲುವಿಂಗುವಿನಲ್ಲಿ ಇಂಟರ್ನೆಟ್ ನಂಬುವ ಹಾಗಿಲ್ಲ ಎಂದು ಕಸಾಮಾಕ್ಕೆ ಬಂದಿದ್ದಳು. ಹಿಂದಿನ ಬದಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಓದುತ್ತಿದ್ದಳು. ಪರೀಕ್ಷೆಗೆ ಎಂಟು ದಿನ ಇರುವಾಗ ಒಂದು ಪೂರ್ವಪರೀಕ್ಷೆ ಇತ್ತು. ಮೇಡಂ ಪ್ರಶ್ನೆ ಕೇಳುತ್ತ ಕೇಳುತ್ತ ಬಾಯಿ ತೆರೆದಂತೆಯೇ ಕಲ್ಲಾದರು. ಮತ್ತೆ ಅಲ್ಲಾಡುವ ಹೊತ್ತಿಗೆ ಪ್ರಶ್ನೆ ಮುಗಿದಿತ್ತು. ಹೀಗೆ ನಾಲ್ಕು ಸಲ. ಐದನೆಯ ಸಲಕ್ಕೆ ಪರದೆಯೇ ಖಾಲಿಯಾಯಿತು.

ಕಪಂಬ್ವೆ ಹೊರಗೆ ಬಂದು ಜಗಲಿಯ ಮೇಲೆ ಕುಸಿದು ಕೂತಳು. ಅಪ್ಪ ಮೂಲೆಯಲ್ಲಿ ಗುದ್ದಲಿಗೆ ಕಾವು ಹಾಕುತ್ತಿದ್ದರು.

“ಏನಾಯ್ತವ್ವಾ?”

“ಸಿಗ್ನಲ್ ಇದೆ ಬಾತಾತಾ, ಪೂರ್ತಿ ಇದೆ. ಆದರೆ ಏನೂ ಬರ್ತಿಲ್ಲ.” ಅಪ್ಪನನ್ನು ಬಾತಾತಾ ಎಂದೇ ಕರೆಯುವುದು. “ಮೇಡಂ ಹೇಳಿಬಿಟ್ರು, ಪರೀಕ್ಷೆ ದಿನ ಹೀಗಾದ್ರೆ ಮುಂದಿನ ವರ್ಷಕ್ಕೆ ಬಾ ಅಂತ.”

“ಲೈನ್ ಮೇಲೆ ಎಷ್ಟು ಜನ ಇದ್ದಾರೆ?”

“ಯಾವ ಲೈನು?”

“ಈ ಪೆಟ್ಟಿಗೇದು.”

ಕಪಂಬ್ವೆಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಒಳಗೆ ಹೋಗಿ ಪೆಟ್ಟಿಗೆಯ ಒಳಪುಟ ತೆರೆದು ನೋಡಿದಳು. ಇಪ್ಪತ್ತಮೂರು ಫೋನುಗಳು ಅದಕ್ಕೆ ಅಂಟಿಕೊಂಡಿದ್ದವು. ಮನೆಯಲ್ಲಿ ಇದ್ದದ್ದು ಮೂರು.

“ಬಾಮಾಯೋ! ಪಾಸ್‌ವರ್ಡ್ ಯಾರಿಗೆ ಕೊಟ್ಟೆ ನೀನು?” ಎಂದು ಅಮ್ಮನನ್ನು ಕೂಗಿದಳು.

ಎನೆಲೆಸ್ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಮುಖದಲ್ಲಿ ತಪ್ಪು ಮಾಡಿದ ಕಳೆ ಎಳ್ಳಷ್ಟೂ ಇರಲಿಲ್ಲ. “ಬಾನಾ ಬೆಸಾ ಕೇಳಿದ್ಲು, ಕೊಟ್ಟೆ. ಪಕ್ಕದ ಮನೆಯವಳು ಉಪ್ಪು ಕೇಳಿದ್ರೆ ಇಲ್ಲ ಅಂತೀಯಾ?”

“ಉಪ್ಪು ಕೊಟ್ರೆ ಉಪ್ಪು ಖಾಲಿಯಾಗುತ್ತೆ!”

“ಇದು ಖಾಲಿಯಾಗಲ್ಲ ಅಂತ ಅವಳೇ ಹೇಳಿದ್ಲು.”

ಬಾನಾ ಬೆಸಾ, ಅಂದರೆ ಬೆಸಾ ಎಂಬ ಹುಡುಗಿಯ ತಾಯಿ, ಬೇಲಿಯಾಚೆಯವಳು. ಅವಳು ತಂಗಿಗೆ ಕೊಟ್ಟಿದ್ದಳು, ತಂಗಿ ಕ್ಷೌರದಂಗಡಿಯವನಿಗೆ, ಅವನು ಗಿರಾಕಿಗಳಿಗೆ. ಮಧ್ಯಾಹ್ನದ ಹೊತ್ತು ಹಿಂದಿನ ಗೋಡೆಯ ನೆರಳಿನಲ್ಲಿ ಜನ ಸಾಲಾಗಿ ಕೂರುವುದು ಯಾಕೆಂದು ಯೋತಾಮ್‌ಗೆ ಆಗ ತಿಳಿಯಿತು. ತಮ್ಮ ಮಾವಿನ ಮರದ ಗಾಳಿ ತಂಪು ಎಂದು ಅವರು ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದರು.

“ಫಾರ್ಮ್ ಲೈನ್ ಇದ್ದ ಹಾಗೆ,” ಎಂದರು. “ಮುಂಗ್ವಿ ಕಡೆ ಆರು ಫಾರ್ಮಿಗೆ ಒಂದೇ ಲೈನಿತ್ತು. ಒಬ್ರು ಮಾತಾಡೋವಾಗ ಐದು ಮನೆಯವರು ಫೋನ್ ಎತ್ತಿ ಕದ್ದು ಕೇಳೋರು. ಒಬ್ಬೊಬ್ರು ಎತ್ತಿದ ಹಾಗೂ ದನಿ ಸಣ್ಣಗಾಗ್ತಾ ಹೋಗೋದು.”

“ಪಾಸ್‌ವರ್ಡ್ ಬದಲಾಯಿಸ್ತೀನಿ ಬಿಡಿ.”

“ಬದಲಾಯಿಸು. ನಾಳೆ ಬೆಳಿಗ್ಗೆ ನಿಮ್ಮಮ್ಮ ಹೊಸದನ್ನ ಕೊಟ್ಟುಬರ್ತಾಳೆ.”

ಎನೆಲೆಸ್ ಇದನ್ನು ಅಲ್ಲಗಳೆಯಲಿಲ್ಲ.

ಯೋತಾಮ್ ಸ್ಟೂಲ್ ಹತ್ತಿ ಮೊದಲ ಸಲ ಆ ಪೆಟ್ಟಿಗೆಯನ್ನು ಕೆಳಗಿಳಿಸಿದರು. ಕನ್ನಡಕ ಏರಿಸಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಹಿಂಬದಿಯಲ್ಲಿ ಸಾಲಾಗಿ ನಾಲ್ಕು ಹಳದಿ ತೂತುಗಳಿದ್ದವು. “ಇವು ಯಾಕೆ?”

“ತಂತಿ ಹಾಕೋಕೆ. ಈಗ ಯಾರೂ ಹಾಕಲ್ಲ.”

ಅವರ ಮುಖ ನೋಡಿ ಕಪಂಬ್ವೆಗೆ ನಗು ಬಂತು. ಸಂತೆಯಲ್ಲಿ ಅಚಾನಕ್ಕಾಗಿ ತಮ್ಮೂರಿನವರು ಸಿಕ್ಕ ಹಾಗಿತ್ತು ಆ ಮುಖ.

ಮಾರನೆಯ ದಿನ ಪೇಟೆಗೆ ಹೋಗಿ ಹದಿನೆಂಟು ಮೀಟರ್ ಕೇಬಲ್ ಕೊಯ್ಯಿಸಿಕೊಂಡು ಬಂದರು. ಅಂಗಡಿಯವನು ಹಳೆಯ ಗುರುತು. “ಬಾ ವಾಯಾ, ಕಂಬಾನೂ ಕಟ್ಟಿಕೊಡಲಾ?” ಎಂದು ರೇಗಿಸಿದನಂತೆ. “ಕಂಬ ನಾನಿದ್ದೀನಲ್ಲ” ಎಂದು ಇವರು ಹೇಳಿದರಂತೆ. ಗೋಡೆಯ ತೂತಿನಲ್ಲಿ ತೂರಿಸಬೇಕಾದ್ದರಿಂದ ಒಂದು ತುದಿಗೆ ಪ್ಲಗ್ ಹಾಕಿಸದೆ, ಅದನ್ನು ಒತ್ತುವ ಇಕ್ಕಳವನ್ನು ಎರಡು ದಿನಕ್ಕೆ ಕೇಳಿ ತಂದಿದ್ದರು.

ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಏಣಿ ಹತ್ತಿದರು. ಕೆಳಗೆ ಏಣಿ ಹಿಡಿದು ನಿಂತ ಎನೆಲೆಸ್‌ಳ ಬಾಯಿಗೆ ಬಿಡುವೇ ಇರಲಿಲ್ಲ.

“ಬಿದ್ರೆ ನಾನು ಎತ್ತಲ್ಲ ಹೇಳಿದ್ದೀನಿ.”

“ನಲವತ್ತು ಅಡಿ ಮೇಲಿಂದ ಬೀಳದೋನು ಎಂಟು ಅಡಿಯಿಂದ ಬೀಳ್ತೀನಾ?”

“ಆಗ ನಿಮ್ಮ ಮಂಡಿ ನಿಮ್ಮ ಮಾತು ಕೇಳ್ತಿತ್ತು.”

ತೊಲೆಯ ಪಕ್ಕದಲ್ಲೇ ನೇರವಾಗಿ, ಅಡುಗೆಮನೆಯ ಹೊಗೆ ತಾಗದ ಹಾಗೆ, ಮೊಳಕ್ಕೊಂದು ಮೊಳೆ ಹೊಡೆದು ಎಳೆದರು. ಗೋಡೆ ದಾಟುವಲ್ಲಿ ಹೊರಗಡೆ ತಂತಿಯನ್ನು ಒಂದಿಷ್ಟು ಜೋಲು ಬಿಟ್ಟರು. ಮಳೆನೀರು ತಂತಿ ಹಿಡಿದು ಒಳಗೆ ಬಾರದೆ ಅಲ್ಲೇ ತೊಟ್ಟಿಕ್ಕಲಿ ಎಂದು. ಅದನ್ನು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಕಷ್ಟವಾದದ್ದು ತುದಿ. ಬದುಕಿಡೀ ಎರಡು ತಂತಿ ಸೇರಿಸಿದ ಕೈಗೆ ಈಗ ಕೂದಲಿನಂಥ ಎಂಟು ಎಳೆ, ಎಂಟು ಬಣ್ಣ. ಅಂಗಡಿಯವನು ಚೀಟಿಯಲ್ಲಿ ಬರೆದುಕೊಟ್ಟಿದ್ದ ಕ್ರಮವನ್ನು ಎನೆಲೆಸ್ ಚರ್ಚಿನಲ್ಲಿ ವಾಚನ ಓದುವ ಧಾಟಿಯಲ್ಲಿ ಓದಿದಳು. “ಬಿಳಿ ಕಿತ್ತಳೆ. ಕಿತ್ತಳೆ. ಬಿಳಿ ಹಸಿರು. ನೀಲಿ.”

“ನಿಧಾನ ಕಣೇ.”

“ಬಿಳಿ ನೀಲಿ. ಹಸಿರು. ಕಂದು... ಅಲ್ಲ, ಬಿಳಿ ಕಂದು ಮೊದಲು.”

ಮೊದಲ ಪ್ಲಗ್ ಹಾಳಾಯಿತು. ಎರಡನೆಯದನ್ನು ಬಾಗಿಲ ಬಳಿ ಬೆಳಕಿಗೆ ಕೂತು, ಉಸಿರು ಹಿಡಿದು ಒತ್ತಿದರು. ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ತೂತಿನ ಪಕ್ಕ ಒಂದು ಸಣ್ಣ ಹಸಿರು ದೀಪ ಹೊತ್ತಿ ಪಟಪಟ ಮಿನುಗತೊಡಗಿತು. ಯೋತಾಮ್ ಇಕ್ಕಳ ಒರೆಸಿ ಚೀಲಕ್ಕೆ ಹಾಕಿದರು.

ಆದರೆ ಕೆಲಸ ಅರ್ಧವಷ್ಟೇ ಆಗಿತ್ತು. ತಂತಿ ಬಂದರೂ ಇಪ್ಪತ್ತಮೂರು ಫೋನು ಪೆಟ್ಟಿಗೆಯಿಂದ ಹೀರುವುದು ನಿಂತಿರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಯೋತಾಮ್ ಹೇಳಿದರು: “ಟ್ರಂಕ್ ಲೈನ್ ಟೆಸ್ಟ್ ಮಾಡೋವಾಗ ಎಲ್ಲರ ಫೋನೂ ಕೆಳಗಿಡಿಸ್ತಿದ್ವಿ. ಗಾಳಿಯಲ್ಲಿ ಹೋಗೋದನ್ನ ಪೂರ್ತಿ ನಿಲ್ಲಿಸೋಕೆ ಬರುತ್ತಾ?”

“ಬರುತ್ತೆ. ವೈರ್‌ಲೆಸ್ ಆರಿಸಿದರಾಯ್ತು. ಆದರೆ ಬಾತಾತಾ, ಒಮ್ಮೆ ಆರಿಸಿದ ಮೇಲೆ ಮತ್ತೆ ಹಚ್ಚೋಕೆ ಫೋನಿಂದ ಆಗಲ್ಲ. ಪೆಟ್ಟಿಗೆ ಜೊತೆ ಮಾತಾಡೋಕೆ ತಂತಿಯೊಂದೇ ದಾರಿ ಆಮೇಲೆ.”

“ಇನ್ನೊಂದು ಸಲ ಹೇಳು.”

“ತಂತಿಯೊಂದೇ ದಾರಿ ಅಂದೆ.”

“ಕೇಳಿಸ್ತು. ಚೆನ್ನಾಗಿತ್ತು, ಅದಕ್ಕೆ ಕೇಳ್ದೆ.”

ಅವಳು ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿದ್ದ ಚೀಟಿಯ ಅಂಕಿಗಳನ್ನು ಅವರಿಂದಲೇ ಓದಿಸಿ ಲ್ಯಾಪ್‌ಟಾಪಿನಲ್ಲಿ ಬರೆದಳು. ಪುಟ ತೆರೆಯಿತು. ವೈರ್‌ಲೆಸ್ ಎಂದಿದ್ದ ಕಡೆ ಒಂದು ಚಿಕ್ಕ ಚೌಕ, ಅದರೊಳಗೊಂದು ಟಿಕ್ ಗುರುತು. “ನೀವೇ ಒತ್ತಿ” ಎಂದಳು. ಅವರು ತೋರುಬೆರಳನ್ನು ಅಂಗಿಗೆ ಒರೆಸಿಕೊಂಡು ಒತ್ತಿದರು. ಟಿಕ್ ಮಾಯವಾಯಿತು. ಕಪಂಬ್ವೆ ಸೇವ್ ಎಂಬುದನ್ನೂ ಒತ್ತಿಸಿದಳು.

ಮೂವರೂ ಕಿವಿಗೊಟ್ಟು ಕೂತರು. ಬೇಲಿಯಾಚೆ ಬಾನಾ ಬೆಸಾಳ ಫೋನಿನಿಂದ ಯಾವುದೋ ಸಮಾರಂಭದ ಹಾಡು, ಅದರ ಜೊತೆ ಅವಳ ನಗು, ಮೊದಲಿನ ಹಾಗೆಯೇ ಕೇಳಿಸುತ್ತಿತ್ತು.

“ಆರಿಲ್ಲವಲ್ಲ!” ಎಂದಳು ಎನೆಲೆಸ್. ದನಿಯಲ್ಲಿ ಸಮಾಧಾನವೇ ಹೆಚ್ಚಿತ್ತು.

ಕಪಂಬ್ವೆ ಹಣೆ ಚಚ್ಚಿಕೊಂಡಳು. “ಅಯ್ಯೋ, ಇದು ಎರಡು ಅಲೆ ಬಿಡುತ್ತೆ, ಒಂದನ್ನ ಆರಿಸಿದ್ದೀವಿ ಅಷ್ಟೇ. ಕೆಳಗೆ ಇನ್ನೊಂದು ಟಿಕ್ ಇದೆ ನೋಡಿ.”

ಎರಡನೆಯದನ್ನೂ ಒತ್ತಿದರು. ಪೆಟ್ಟಿಗೆಯ ಮುಂದಿನ ಸಾಲಿನಲ್ಲಿ ಒಂದು ದೀಪ ಆರಿತು. ಹಾಡು ನಡುವೆಯೇ ಕಡಿದುಹೋಯಿತು. ಗೋಡೆಯ ಹಿಂದೆ ಗುಜುಗುಜು ಎದ್ದಿತು. ಯಾರೋ ಫೋನನ್ನು ಅಂಗೈಗೆ ಕುಟ್ಟಿದ ಸದ್ದು. ಎರಡು ನಿಮಿಷದಲ್ಲಿ ಬಾನಾ ಬೆಸಾ ಸೊಂಟಕ್ಕೆ ಸುತ್ತಿದ ಚಿಟೆಂಗೆ ಬಟ್ಟೆ ಬಿಗಿಯುತ್ತ ಅಂಗಳಕ್ಕೆ ಬಂದಳು.

“ಬಾನಾ ಕಪಂಬ್ವೆ, ನಿಮ್ಮ ಮನೆ ಸಿಗ್ನಲ್ ಹೋಯ್ತಲ್ಲಾ! ಎಂಡೋಲಾದಲ್ಲಿರೋ ಇನ್ನೊಬ್ಬ ತಂಗಿ ಮಗುವಿಗೆ ಹೆಸರಿಡೋದು ನೋಡ್ತಾ ಇದ್ದೆ. ಹೆಸರು ಹೇಳೋ ಹೊತ್ತಿಗೇ ಹೋಯ್ತು!”

“ಹೋಗಿಲ್ಲ, ನಾನೇ ಆರಿಸಿದೆ,” ಎಂದರು ಯೋತಾಮ್.

“ನೀವಾ? ಯಾಕೆ? ನಾವೇನು ತಪ್ಪು ಮಾಡಿದ್ವಿ?”

ವಿಷಯ ತಿಳಿದದ್ದೇ ಅವಳು ಗೋಡೆಯ ಹಿಂದಿನವರನ್ನು ಕೂಗಿ ಕರೆದಳು. “ನಾಚಿಕೆ ಇಲ್ವಾ ನಿಮಗೆ? ಹುಡುಗಿ ಪರೀಕ್ಷೆ ಇಟ್ಕೊಂಡು ಬಂದಿರೋ ಮನೆ ಸಿಗ್ನಲ್ ಹೀರ್ತೀರಾ? ಎದ್ದೇಳಿ!” ಎಂದು, ಸಾಕ್ಷಾತ್ ತಾನೇ ಮನೆಯೊಡತಿಯೆಂಬಂತೆ ಅಟ್ಟಿದಳು. ಎನೆಲೆಸ್ ಚಿಟೆಂಗೆಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಪರೀಕ್ಷೆ ಒಂದು ಗಂಟೆ ಹತ್ತು ನಿಮಿಷ ನಡೆಯಿತು. ಯೋತಾಮ್ ಅಷ್ಟು ಹೊತ್ತೂ ಹೊರಗೆ, ಗೋಡೆ ದಾಟುವಲ್ಲಿ ತಂತಿ ಜೋಲು ಬಿದ್ದಿದ್ದ ಜಾಗದ ಕೆಳಗೆ ಪೀಠ ಹಾಕಿಕೊಂಡು ಕೂತಿದ್ದರು. ಹಳೆಯ ಲೈನಾಗಿದ್ದರೆ ಕಂಬಕ್ಕೆ ಕಿವಿ ಹಚ್ಚಿದರೆ ಸಾಕಿತ್ತು, ಗಾಳಿಗೆ ತಂತಿ ಮಿಡಿದು ಹೂಂ ಎನ್ನುತ್ತಿತ್ತು. ದಾರಿಯುದ್ದಕ್ಕೂ ಜೊತೆ ಕೊಡುತ್ತಿದ್ದ ದನಿ ಅದು. ಚಳಿಗಾಲದ ಬೆಳಗುಗಳಲ್ಲಿ ಸೈಕಲ್ ಒರಗಿಸಿ, ಬುತ್ತಿಯ ಗೆಣಸು ತಿನ್ನುತ್ತ, ಅವರು ಎಷ್ಟೋ ಸಲ ಹಾಗೆ ಕಿವಿ ಹಚ್ಚಿ ನಿಂತಿದ್ದರು. ಈ ತಂತಿ ಸದ್ದೇ ಮಾಡುತ್ತಿರಲಿಲ್ಲ. ಕಿಟಕಿಯಿಂದ ಮಗಳ ಮಾತು ಮಾತ್ರ ತಡೆಯಿಲ್ಲದೆ ಬರುತ್ತಿತ್ತು. ಹೆರಿಗೆಯ ನಂತರ ರಕ್ತ ನಿಲ್ಲದಿದ್ದರೆ ಏನೇನು ಮಾಡಬೇಕೆಂದು ಅವಳು ಒಂದೊಂದಾಗಿ ಹೇಳುತ್ತಿದ್ದಳು. ಆ ಕಡೆಯ ಮೇಡಂ “ಸರಿ... ಸರಿ” ಎನ್ನುವುದೂ ಕೇಳುತ್ತಿತ್ತು.

ಮುಗಿಸಿ ಹೊರಬಂದವಳೇ ಅಪ್ಪನ ಮುಂದೆ ಮಂಡಿಯೂರಿ ಮೆಲ್ಲಗೆ ಚಪ್ಪಾಳೆ ತಟ್ಟಿದಳು, ಹಿರಿಯರಿಗೆ ವಂದಿಸುವ ಹಾಗೆ. “ಒಂದು ಸಲಾನೂ ಕಡೀಲಿಲ್ಲ ಬಾತಾತಾ. ಪಾಸು ಅಂತ ಅಲ್ಲೇ ಹೇಳಿಬಿಟ್ರು.” ಎನೆಲೆಸ್ ನಾಲಿಗೆಯಾಡಿಸಿ ಹಾಕಿದ ಕೇಕೆಗೆ ಬಾನಾ ಬೆಸಾ ಬೇಲಿಯಾಚೆಯಿಂದಲೇ ಮರುಕೇಕೆ ಹಾಕಿದಳು.

ಊಟವಾದ ಮೇಲೆ ಕಪಂಬ್ವೆ ಕೇಳಿದಳು: “ನಿಮ್ಮ ಲೈನಿದು. ನೀವು ಯಾರ ಜೊತೆ ಮಾತಾಡ್ತೀರಾ ಹೇಳಿ, ಹಚ್ಚಿಕೊಡ್ತೀನಿ.”

ಯೋತಾಮ್ ಬಾಯಿ ತೆರೆಯುವ ಮೊದಲೇ ಎನೆಲೆಸ್ ಹೇಳಿದಳು: “ಎಂಬಾಲಾದವಳನ್ನ ಹುಡುಕು.”

“ಯಾರಮ್ಮ ಎಂಬಾಲಾದವಳು?”

“ನಿಮ್ಮಪ್ಪನ ಕಿವಿಯಲ್ಲಿ ಹತ್ತೊಂಬತ್ತು ವರ್ಷ ಇದ್ದವಳು. ದಿನಾ ಮನೆಗೆ ಬಂದು, ಎಂಬಾಲಾದಲ್ಲಿ ಮಳೆಯಂತೆ, ಎಂಬಾಲಾದಲ್ಲಿ ಹುರುಳಿಕಾಯಿ ಚೆನ್ನಾಗಿ ಬಂದಿದೆಯಂತೆ. ಕೇಳಿ ಕೇಳಿ ನನಗೆ ತಲೆ ಕೆಟ್ಟುಹೋಗಿತ್ತು. ಆ ಮೀನು ಕಳಿಸಿದಳಲ್ಲ, ಅದನ್ನ ಬೇಯಿಸೋವಾಗ ಬೇಕೂಂತ ಉಪ್ಪು ಜಾಸ್ತಿ ಹಾಕಿದ್ದೆ.”

“ಉಪ್ಪಾಗಿತ್ತು ಹೌದು,” ಎಂದರು ಯೋತಾಮ್.

“ಒಂದು ದಿನ ಹೋಗಿ ನೋಡಿ ಬಂದೆ.”

ಯೋತಾಮ್ ತಲೆಯೆತ್ತಿದರು. “ಯಾರನ್ನ?”

“ಅವಳನ್ನೇ. ಎಂಬಾಲಾದಲ್ಲಿ ಚರ್ಚ್ ಹೆಂಗಸರ ಸಮಾವೇಶ ಆಯ್ತಲ್ಲ, ಕಪಂಬ್ವೆ ಇನ್ನೂ ನನ್ನ ಬೆನ್ನ ಮೇಲಿದ್ಲು. ಮಧ್ಯಾಹ್ನ ಪ್ರಾರ್ಥನೆ ತಪ್ಪಿಸಿ ಎಕ್ಸ್‌ಚೇಂಜ್ ಹುಡುಕಿಕೊಂಡು ಹೋದೆ. ಜಗಳ ಆಡೋಣ ಅಂತಾನೇ ಹೋಗಿದ್ದೆ. ಕಿಟಕಿಯಿಂದ ಇಣುಕಿದೆ. ಸಣಕಲು ಹೆಂಗಸು, ಕಿವಿಗೆ ಯಂತ್ರ ಕಟ್ಟಿಕೊಂಡು ಒಬ್ಬಳೇ ಕೂತಿದ್ಲು. ಎರಡು ಕರೆ ನಡುವೆ ಒಂದು ಮಗುವಿನ ಸ್ವೆಟರ್ ಹೆಣೀತಿದ್ಲು. ಕಣ್ಣು ಮುಚ್ಚಿಹೋಗೋದು, ತಲೆ ಕೊಡವಿ ಮತ್ತೆ ಹೆಣೆಯೋದು. ನನ್ನಷ್ಟೇ ದಣಿದ ಮುಖ. ಇವಳ ಜೊತೆ ಏನು ಜಗಳ ಆಡ್ಲಿ? ಸುಮ್ಮನೆ ವಾಪಸ್ ಬಂದೆ.”

“ಇಷ್ಟು ವರ್ಷ ನನಗೆ ಹೇಳಲಿಲ್ಲ ನೀನು!”

“ನೀವು ಕೇಳಲಿಲ್ಲ. ಎಂಬಾಲಾದಲ್ಲಿ ಮಳೆ ಇತ್ತಾ ಅಂತ ಮಾತ್ರ ಕೇಳಿದ್ರಿ.”

ಕಪಂಬ್ವೆಯ ಗೆಳತಿ ನರ್ಸ್ ಒಬ್ಬಳು ಎಂಬಾಲಾ ಆಸ್ಪತ್ರೆಯಲ್ಲಿದ್ದಳು. ಮೂರು ದಿನದಲ್ಲಿ ಸುದ್ದಿ ಬಂತು: ಸ್ಕೊಲಾಸ್ಟಿಕಾ ಇದ್ದಾಳೆ, ಅಕ್ಕನ ಮಗಳ ಮನೆಯಲ್ಲಿ, ಕಿವಿ ಸ್ವಲ್ಪ ಮಂದ. ಮರುದಿನ ಹತ್ತು ಗಂಟೆಗೆ ಕರೆ ಕೂಡಿಸಿದರು. ಪರದೆಯ ಮೇಲೆ ಹಲ್ಲಿಲ್ಲದ ಒಬ್ಬ ಮುದುಕಿಯ ಮುಖ ಬಂತು, ನೆತ್ತಿಗೆ ನೀಲಿ ವಸ್ತ್ರ ಕಟ್ಟಿಕೊಂಡಿದ್ದಳು. ಯೋತಾಮ್ ಅದನ್ನೇ ನೋಡುತ್ತ ಕೂತರು. ಆ ಕಡೆಯವಳೂ ಇವರನ್ನು ನೋಡುತ್ತ ಕೂತಳು. ಬಸ್ ನಿಲ್ದಾಣದಲ್ಲಿ ಎದುರುಬದುರು ಕೂತ ಅಪರಿಚಿತರ ಹಾಗೆ ಇಬ್ಬರಿಗೂ ಮುಜುಗರ.

“ಮುಖ ತೆಗೆಯೋಕೆ ಬರುತ್ತಾ?” ಎಂದು ಯೋತಾಮ್ ಮಗಳ ಕಿವಿಯಲ್ಲಿ ಕೇಳಿದರು.

ಕಪಂಬ್ವೆ ಚಿತ್ರ ಆರಿಸಿದಳು, ಆ ಕಡೆಯೂ ಆರಿಸುವಂತೆ ಹೇಳಿದಳು. ಪರದೆ ಕಪ್ಪಾಯಿತು. ಯೋತಾಮ್ ಕಣ್ಣು ಮುಚ್ಚಿಕೊಂಡರು.

“ಕೇಳಿಸ್ತಿದೆಯಾ?” ಎಂದರು.

“ಕೇಳಿಸ್ತಿದೆ,” ಎಂದಿತು ದನಿ. ಒಡೆದಿತ್ತು, ನಿಧಾನವಾಗಿತ್ತು, ಆದರೂ ಅದೇ. “ಇಷ್ಟು ಸ್ವಚ್ಛ ಯಾವತ್ತೂ ಕೇಳಿಸಿರಲಿಲ್ಲ. ಎಲ್ಲಿಂದ ಹತ್ತಿದ್ದೀರಿ, ಯಾವ ಕಂಬ?”

ಯೋತಾಮ್ ಕಣ್ಣು ತೆರೆದು ತಾವು ಎಳೆದ ತಂತಿಯ ಕಡೆ ನೋಡಿದರು. ಎನೆಲೆಸ್ ಮುಂದೆ ಬಾಗಿ ಲ್ಯಾಪ್‌ಟಾಪಿಗೆ ಬಾಯಿಟ್ಟು ಕೂಗಿದಳು: “ಈಗ ಹತ್ತೋಕೆ ಬಿಡಲ್ಲ ನಾನು! ನಾನು ಇವರ ಹೆಂಡತಿ. ಆ ಸ್ವೆಟರ್ ಯಾರಿಗೆ ಹೆಣೀತಿದ್ದೆ ನೀನು?”

ಆಮೇಲಿನ ಮುಕ್ಕಾಲು ಗಂಟೆ ಮಾತಾಡಿದವರು ಆ ಹೆಂಗಸರಿಬ್ಬರೇ.

ಕಪಂಬ್ವೆ ಲುವಿಂಗುವಿಗೆ ಮರಳುವ ಮೊದಲು ವೈರ್‌ಲೆಸ್ ಮತ್ತೆ ಹಚ್ಚಿದಳು. ಬಾನಾ ಬೆಸಾಗೆ ಹೊಸ ಪಾಸ್‌ವರ್ಡ್ ಸಿಕ್ಕಿತು, ಎನೆಲೆಸ್ ಕೈಯಿಂದಲೇ. ಈ ಸಲ ಬಾನಾ ಬೆಸಾ ಅದನ್ನು ಯಾರಿಗೂ ಕೊಡಲಿಲ್ಲವೆಂದು ಹೇಳುತ್ತಾಳೆ. ಗೋಡೆಯ ಹಿಂದೆ ಈಗ ಕೂರುವವರು ಮೂವರೋ ನಾಲ್ವರೋ ಅಷ್ಟೇ. ಯೋತಾಮ್ ಅವರನ್ನು ಎಬ್ಬಿಸಲು ಹೋಗಲಿಲ್ಲ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಮಾತ್ರ, ಮಗಳು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ತೆರೆದು, ಎರಡು ಟಿಕ್ಕನ್ನೂ ತೆಗೆದು, ಎಂಬಾಲಾಕ್ಕೆ ಲೈನ್ ಕೊಡುತ್ತಾರೆ. ಬಾನಾ ಬೆಸಾ ಆ ಹೊತ್ತಿಗೆ ಬಟ್ಟೆ ಒಗೆಯುವುದನ್ನು ಇಟ್ಟುಕೊಂಡಿದ್ದಾಳೆ.

ಮಳೆ ನಿಂತ ಮೇಲೆ ಎನೆಲೆಸ್ ಎಂಬಾಲಾಕ್ಕೆ ಹೊರಟಳು. ಗಂಡನನ್ನೂ ಹೊರಡಿಸಿದಳು. ಮಿನಿಬಸ್ಸಿನ ಕಿಟಕಿಯ ಪಕ್ಕ ಕೂತು ಯೋತಾಮ್ ಸೆಂಗಾ ಹಿಲ್‌ವರೆಗೆ ಪ್ರತಿ ತಿರುವಿನಲ್ಲೂ ಹೆಂಡತಿಗೆ ತೋರಿಸಿದರು: ಇಲ್ಲಿ ಸಿಡಿಲು ಹೊಡೆದಿತ್ತು, ಇಲ್ಲಿ ಜೇನು ಎದ್ದಿತ್ತು, ಈ ಹಳ್ಳದ ಹತ್ತಿರ ಒಬ್ಬ ಅಜ್ಜಿ ಮುಂಕೋಯೋ ಪಾನಕ ಕುಡಿಸದೆ ಮುಂದೆ ಬಿಡುತ್ತಿರಲಿಲ್ಲ. ಕಂಬಗಳು ಒಂದೂ ಇರಲಿಲ್ಲ. ಸೆಂಗಾ ಹಿಲ್ ದಾಟಿದ ಮೇಲೆ ತೋರಿಸುವುದೇನೂ ಉಳಿಯದೆ, ಅಲ್ಲಿಂದ ಮುಂದಿನ ದಾರಿಯನ್ನು ಅವರೂ ಮೊದಲ ಸಲ ನೋಡುತ್ತ ಕೂತರು.

ಸ್ಕೊಲಾಸ್ಟಿಕಾಳ ಅಂಗಳದಲ್ಲಿ ಹೆಂಗಸರಿಬ್ಬರೂ ಚಾಪೆಯ ಮೇಲೆ ಕಾಲು ಚಾಚಿ ಕೂತು ಹುರುಳಿಕಾಯಿ ಬಿಡಿಸಿದರು. ಒಬ್ಬಳಿಗೆ ಕಿವಿ ಮಂದ, ಇನ್ನೊಬ್ಬಳಿಗೆ ದನಿ ಜೋರು, ಮಾತು ಬೀದಿಯವರೆಗೂ ಕೇಳುತ್ತಿತ್ತು. ಮಧ್ಯದಲ್ಲಿ ಇಬ್ಬರೂ ಯೋತಾಮ್‌ರ ಕಡೆ ನೋಡಿ ಬಿದ್ದುಬಿದ್ದು ನಕ್ಕರು. ಏನು ಎಂದು ಕೇಳಿದರೆ, “ಏನಿಲ್ಲ ಬಾಶಿ ಕಪಂಬ್ವೆ, ನೀವು ಊಟ ಮಾಡಿ” ಎಂದಳು ಎನೆಲೆಸ್. ಅವರು ಸ್ಟೂಲನ್ನು ಮನೆಯ ನೆರಳಿಗೆ ಎಳೆದುಕೊಂಡು ಉಬ್ವಾಲಿಯ ಮುದ್ದೆ ಮುರಿದು ಕಪೆಂಟಾಕ್ಕೆ ಅದ್ದಿದರು. ಉಪ್ಪು ಹದವಾಗಿತ್ತು.